ಹಿಂದಿನ ಡಿಸ್ಕಿಗೆ ಎಣ್ಣೆ ತಾಗಿಸಬೇಡಿ

ಮಾನ್ಯರೇ,

ಎಲೆಕ್ಟ್ರಿಕ್ ಸೈಕಲ್ ಕಂಪನಿಯ ಸಹಾಯವಾಣಿಯಲ್ಲಿ ಊಟವಿಲ್ಲದೆ, ನಿದ್ರೆಯಿಲ್ಲದೆ, ಒಂದು ಆಕಳಿಕೆಯೂ ಇಲ್ಲದೆ ಕುಳಿತು, ಕರೆ ಮಾಡಿದವರಿಗೆಲ್ಲ 'ಸರಿಯಾದ ಬ್ರೇಕ್ ಆರಿಸಲು ಒಂದನ್ನು ಒತ್ತಿ' ಎಂದು ಜೇನು ಸುರಿಸುವ ಸಲಹಾ ಯಂತ್ರದವರಾದ ತಮಗೆ, ತಮ್ಮ ಒಳಗಿರುವ ಸಮಸ್ತ ತಂತಿಗಳಿಗೆ ಮತ್ತು ತಮ್ಮನ್ನು ನಂಬಿ ಮನುಷ್ಯರನ್ನೆಲ್ಲ ಮನೆಗೆ ಕಳಿಸಿದ ಕಂಪನಿಯ ದೊಡ್ಡವರಿಗೆ ಈ ಮುದುಕಿಯ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ಪದ್ಧತಿ. ತಮಗೆ ಬೆನ್ನಿಲ್ಲ, ಬೆರಳಿಲ್ಲ, ಅತ್ತೆಯಿಲ್ಲ, ಸೊಸೆಯಿಲ್ಲ, ಆದ್ದರಿಂದ ಕ್ಷೇಮವಾಗಿಯೇ ಇರುತ್ತೀರಿ ಎಂದು ತಿಳಿದು ಮುಂದಕ್ಕೆ ಬರೆಯುತ್ತೇನೆ.

ತಮಗೇ ಗುಟ್ಟಾಗಿ ಬರೆಯಬಹುದಿತ್ತು. ಆದರೆ ಗುಟ್ಟಾಗಿ ಹೇಳಿದಾಗಲೆಲ್ಲ ತಾವು 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಹೇಳಿ ಸಂಗೀತ ಹಾಕಿ ಹೊರಟುಹೋಗುತ್ತೀರಿ. ನಾಲ್ಕು ಜನರ ಎದುರು ಹೇಳಿದರಾದರೂ ಸಂಗೀತ ಹಾಕದೆ ಕೇಳಿಸಿಕೊಂಡೀರಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದೊಂದೇ ಕಾರಣವಲ್ಲ. ಇನ್ನೊಂದು ಕಾರಣವನ್ನು ಮುಂದೆ ಅರಿಕೆ ಮಾಡುತ್ತೇನೆ.

ನಾನು ಮೊಟ್ಟೆ ಮಾರುವವಳು. ಮನೆಯ ಹಿಂದೆ ಕೋಳಿ ಶೆಡ್ಡಿದೆ. ಮನೆ ಇರುವುದು ದಿಬ್ಬದ ಮೇಲೆ. ಮೊಟ್ಟೆ ತಿನ್ನುವವರೆಲ್ಲ ಇರುವುದು ದಿಬ್ಬದ ಕೆಳಗೆ. ನಡುವೆ ಒಂದು ರಸ್ತೆಯಿದೆ, ಅದನ್ನು ರಸ್ತೆ ಎನ್ನುವುದಕ್ಕಿಂತ ಜಾರುಬಂಡೆ ಎಂದರೆ ಸರಿಹೋಗುತ್ತದೆ, ಮತ್ತು ಅದು ಮುಗಿದು ತಿರುಗುವ ಜಾಗದಲ್ಲಿ ಸರಿಯಾಗಿ ಎದುರಿಗೆ ಬೇಕರಿಯ ಗಾಜಿನ ಬಾಗಿಲಿದೆ. ತಮ್ಮ ಕಂಪನಿಯ ಸೈಕಲ್ಲಿನ ಹಿಂದೆ ಟ್ರೇಗಳನ್ನು ಕಟ್ಟಿಕೊಂಡು ಬೇಕರಿಗೆ, ಹಾಸ್ಟೆಲ್ಲಿಗೆ, ಕ್ಯಾಂಟೀನಿಗೆ ಹೋಗಿ ಬರುವುದು ನನ್ನ ಕೆಲಸ. ಕೆಳಗಿನ ಬೀದಿಯಲ್ಲಿ ನನಗೆ 'ಮೊಟ್ಟೆಯಮ್ಮ' ಎನ್ನುತ್ತಾರೆ, ನನ್ನ ಬೆನ್ನ ಹಿಂದೆ 'ಒಡೆದ ಮೊಟ್ಟೆ' ಎನ್ನುವುದೂ ನನಗೆ ಗೊತ್ತು. ಆ ಇಳಿಜಾರು ಇಳಿದರೆ ನಾನು ಮೊಟ್ಟೆಯಮ್ಮ, ಇಳಿಯದೆ ಮನೆಯಲ್ಲೇ ಕೂತರೆ ಬರೀ ಅತ್ತೆ. ಈ ವ್ಯತ್ಯಾಸ ತಮ್ಮ ತಂತಿಗಳಿಗೆ ಹತ್ತದಿದ್ದರೆ, ದಯವಿಟ್ಟು ಇದೊಂದು ಸಾಲನ್ನು ಮತ್ತೆ ಓದಿಕೊಳ್ಳಿ.

ಸೈಕಲ್ಲಿನ ಜೊತೆ ತಾವು ದಯಪಾಲಿಸಿದ ಬ್ರೇಕುಗಳ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆಯೇ. ತಂತಿ ಎಳೆದರೆ ಎರಡು ರಬ್ಬರ್ ತುಂಡುಗಳು ಬಂದು ಚಕ್ರದ ಅಂಚನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳಬೇಕು, ಅದಕ್ಕೆ ರಿಮ್ ಬ್ರೇಕ್ ಎನ್ನುತ್ತಾರಂತೆ. ರಸ್ತೆ ಒಣಗಿದ್ದಾಗ ಅವು ಹಿಡಿಯುತ್ತಿದ್ದವು, ನಾನು ಸುಳ್ಳು ಹೇಳುವವಳಲ್ಲ. ಆದರೆ ನಾಲ್ಕು ಹನಿ ಬಿದ್ದು ಚಕ್ರ ಒದ್ದೆಯಾಯಿತೋ, ಅವಕ್ಕೆ ಎಲ್ಲಿಲ್ಲದ ಸಂಕೋಚ. ಮದುವೆ ಮನೆಯಲ್ಲಿ ಗುರುತಿಲ್ಲದವರ ಕೈ ಮುಟ್ಟಿದಂತೆ ಮುಟ್ಟಿ, 'ತಾವು ಮುಂದೆ ಹೋಗಿ' ಎಂದು ಚಕ್ರಕ್ಕೆ ದಾರಿ ಬಿಡುತ್ತಿದ್ದವು. ಇಷ್ಟು ಮರ್ಯಾದಸ್ಥ ಬ್ರೇಕನ್ನು ನಾನು ನನ್ನ ಆಯುಷ್ಯದಲ್ಲೇ ಕಂಡಿರಲಿಲ್ಲ.

ಹೀಗೆ ಒಂದು ಬೆಳಿಗ್ಗೆ ತುಂತುರು ನಿಂತ ಮೇಲೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ, ಅದು ಸಂಕೋಚಪಟ್ಟಿತು, ನಾನು ಗಾಬರಿಯಿಂದ ಹಿಡಿಕೆಯನ್ನು ಬಿಗಿಯಾಗಿ ಹಿಡಿದೆ. ಆ ಹಿಡಿಕೆಯೇ ವೇಗ ಹೆಚ್ಚಿಸುವ ಹಿಡಿಕೆಯೂ ಆಗಿರುವ ತಮ್ಮ ಅಮೋಘ ಏರ್ಪಾಡಿನಿಂದಾಗಿ ಬ್ರೇಕ್ ಹಿಂದಕ್ಕೆ ಎಳೆಯಿತು, ಮೋಟರ್ ಮುಂದಕ್ಕೆ ನೂಕಿತು. ಬ್ರೇಕನ್ನು ಪೂರ್ತಿ ಒತ್ತಿದರೆ ಮೋಟರ್ ತಾನಾಗಿ ನಿಲ್ಲುತ್ತದಂತೆ, ಪೂರ್ತಿ ಒತ್ತಬೇಕಲ್ಲ! ಗಂಡ ಹೆಂಡತಿ ಇಬ್ಬರೂ ಗೆಲ್ಲಬೇಕೆಂದು ಹೊರಟ ಸಂಸಾರದಂತೆ ಸೈಕಲ್ಲು ಓಲಾಡಿಕೊಂಡು ಹೋಗಿ ಬೇಕರಿಯ ಬಾಗಿಲು ದೂಡಿ ಒಳಗೆ ನುಗ್ಗಿ ಮೈದಾ ಮೂಟೆಗಳಿಗೆ ಗುದ್ದಿ ನಿಂತಿತು. ನನಗೆ ಮೊಣಕಾಲು ತರಚಿತು. ಟ್ರೇಗಳ ಗತಿ ಕೇಳಬೇಡಿ. ಹಿಟ್ಟಿನಲ್ಲಿ ಹರಿಯುತ್ತಿದ್ದ ಲೋಳೆಯನ್ನು ನೋಡಿ ಬೇಕರಿಯವನು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏನ್ರೀ ಮೊಟ್ಟೆಯಮ್ಮ, ಇವತ್ತಿಂದ ನೇರ ಹಿಟ್ಟಿಗೇ ಹಾಕೋದಾ? ಕಲಸಿಯೂ ಹೋಗ್ತೀರಾ?" ಎಂದ. ನಾನು ಬೈದೆ. ಬೈದದ್ದನ್ನು ಇಲ್ಲಿ ಬರೆಯಲಾರೆ, ತಾವು ಎಳೆಯ ಯಂತ್ರ.

ಇಷ್ಟಕ್ಕೇ ಮುಗಿದಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಆದರೆ ನನ್ನ ಸೊಸೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಅವಳ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೊಂದು ಬ್ರೇಕ್, ಅವಳ ಕಾಲ ಕೆಳಗೊಂದು ಬ್ರೇಕ್. ದಿನವಿಡೀ ಬೇರೆಯವರ ಕೈಕಾಲು ನೋಡಿ ತಾನು ಬ್ರೇಕ್ ಒತ್ತಿ ಒತ್ತಿ ಅವಳಿಗೆ ಅದೇ ಅಭ್ಯಾಸವಾಗಿಹೋಗಿದೆ. ಮನೆಯಲ್ಲಿ ಯಾರು ಏನೇ ಶುರುಮಾಡಲಿ, ಅವಳ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇದ್ದೇ ಇರುತ್ತದೆ. ಅಂದು ಸಂಜೆ ಬಂದವಳು ಮೊಣಕಾಲಿಗೆ ಔಷಧಿ ಹಚ್ಚಿದಳು, ಸೈಕಲ್ಲಿನ ಕೀಲಿ ತೆಗೆದು ಪರ್ಸಿಗೆ ಹಾಕಿಕೊಂಡಳು. "ಅತ್ತೆ, ಬೈಕೊಳ್ಳಿ, ಪರವಾಗಿಲ್ಲ. ಒಳ್ಳೆ ಬ್ರೇಕ್ ಹಾಕಿಸಿ ಒದ್ದೆ ರಸ್ತೆಯಲ್ಲಿ ನಿಲ್ಲಿಸಿ ತೋರಿಸಿ, ಕೀಲಿ ಕೊಡ್ತೀನಿ. ಇಲ್ಲ ಅಂದ್ರೆ ಮೊಟ್ಟೆ ಬೇಕಾದವರೇ ಮೇಲೆ ಹತ್ತಿ ಬರಲಿ." ಎದುರುತ್ತರ ಕೊಡಲು ಬಾಯಿ ತೆರೆದೆ. ಅವಳು ಔಷಧಿಯ ಮುಚ್ಚಳ ಮುಚ್ಚಿದಳು, ನನ್ನ ಬಾಯಿಯೂ ಮುಚ್ಚಿತು.

ಹೀಗಾಗಿ ಸೈಕಲ್ಲಿನ ಮೈಮೇಲೆ ಬರೆದಿದ್ದ ನಂಬರಿಗೆ ಕರೆ ಮಾಡಿದಾಗ ತಮ್ಮ ದರ್ಶನಭಾಗ್ಯ, ಅಂದರೆ ಶ್ರವಣಭಾಗ್ಯ, ನನಗೆ ಲಭಿಸಿತು.

ಇಲ್ಲಿ ನಮ್ಮ ಯಜಮಾನರ ವಿಷಯ ಹೇಳಬೇಕು. ಮೂರು ವರ್ಷದ ಹಿಂದೆ ಕೋಳಿಗೂಡು ಎತ್ತಲು ಹೋಗಿ ಬೆನ್ನಿನಲ್ಲಿ 'ಕಟ್' ಅಂತು. ಡಾಕ್ಟರು ಫೋಟೋ ತೆಗೆಸಿ ನೋಡಿ 'ಡಿಸ್ಕ್ ಜಾರಿದೆ' ಎಂದರು. ಅಂದಿನಿಂದ ಅವರು ಮುಂದಿನ ಕೋಣೆಯ ಹಲಗೆ ಮಂಚದ ಮೇಲೆ ಮಲಗಿ, ಕಿಟಕಿಯಿಂದ ಕಂಡಷ್ಟು ಪ್ರಪಂಚಕ್ಕೆ ಸಲಹೆ ಕೊಡುತ್ತಾರೆ. ನಮ್ಮ ಮನೆಯಲ್ಲಿ ಡಿಸ್ಕ್ ಎಂದರೆ ಅದೊಂದೇ. 'ಡಿಸ್ಕ್ ಹೇಗಿದೆ?' ಎಂದು ಬೀದಿಯವರು ಕೇಳಿದರೆ ಯಜಮಾನರು ಹೇಗಿದ್ದಾರೆ ಎಂದು ಅರ್ಥ. ಬ್ರೇಕಿನಲ್ಲೂ ಡಿಸ್ಕ್ ಎಂಬುದೊಂದಿದೆ, ಚಕ್ರದ ನಡುವೆ ಒಂದು ತಟ್ಟೆ ತಿರುಗುತ್ತದೆ, ಅದನ್ನು ಹಿಡಿದರೆ ಗಾಡಿ ನಿಲ್ಲುತ್ತದೆ ಎಂಬ ಜ್ಞಾನ ನನಗೆ ಅಂದು ಇರಲಿಲ್ಲ. ಇಲ್ಲ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಬೆನ್ನಿನಲ್ಲೂ ಒಂದಿದೆ ಎಂಬ ಜ್ಞಾನ ತಮಗೂ ಇರಲಿಲ್ಲವಲ್ಲ.

ತಾವು ನನ್ನ ತೂಕ ಕೇಳಿದಿರಿ, ಹೇಳಿದೆ. ರಸ್ತೆ ಕೇಳಿದಿರಿ, ಹೇಳಿದೆ. ಆಮೇಲೆ ದನಿಯಲ್ಲಿ ಇನ್ನಷ್ಟು ಜೇನು ಬೆರೆಸಿ 'ನಿಮ್ಮಲ್ಲಿ ಈಗಾಗಲೇ ಡಿಸ್ಕ್ ಇದೆಯೇ?' ಎಂದಿರಿ. ನಾನು ಬೆರಗಾದೆ. ಇಷ್ಟು ದೊಡ್ಡ ಕಂಪನಿ ಮನೆಯವರ ಆರೋಗ್ಯವನ್ನೂ ವಿಚಾರಿಸುತ್ತದಲ್ಲ ಎಂದು ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಇದೆ ತಾಯಿ, ಇದೆ" ಎಂದೆ. ಮುಂದೋ ಹಿಂದೋ ಎಂದಿರಿ, ಹಿಂದೆ ಎಂದೆ. ಎಷ್ಟು ಕಾಲದಿಂದ ಎಂದಿರಿ. ಮೂರು ವರ್ಷ ಎಂದೆ. ಸವೆದಿದೆಯೇ ಎಂದಿರಿ, ಡಾಕ್ಟರು ಹಾಗೇ ಅಂದರು ಎಂದೆ. ಭಾರ ಹೊರುತ್ತದೆಯೇ ಎಂದಿರಿ; ಒಂದು ಬಕೆಟ್ ನೀರೂ ಇಲ್ಲ ಎಂದೆ. ಶಬ್ದ ಬರುತ್ತದೆಯೇ ಎಂದಿರಿ. ಏಳುವಾಗ, ಕೂರುವಾಗ, ನಾನು ಕೆಲಸ ಹೇಳಿದಾಗ ಎಂದೆ. ಮಂಚದ ಮೇಲಿಂದ ಯಜಮಾನರು, "ಯಾರೇ ಅದು? ಡಾಕ್ಟರಮ್ಮನಾ? ರಾತ್ರಿ ಎಡಗಾಲಿಗೂ ಎಳೆಯುತ್ತೆ ಅಂತ ಹೇಳು" ಎಂದು ಕೂಗಿದರು, ಅದನ್ನೂ ಹೇಳಿದೆ. ತಾವು ತುಸು ಹೊತ್ತು ಸಂಗೀತ ಹಾಕಿ ಯೋಚಿಸಿ, 'ಎಡಕ್ಕೆ ಎಳೆಯುತ್ತಿದೆ ಎಂದು ದಾಖಲಿಸಲಾಗಿದೆ' ಎಂದಿರಿ. ಹಲವು ಡಾಕ್ಟರುಗಳನ್ನು ನೋಡಿದ್ದೇನೆ ಮಾನ್ಯರೇ, ಇಷ್ಟು ತಾಳ್ಮೆಯಿಂದ ಕೇಳಿದವರು ಒಬ್ಬರೂ ಇಲ್ಲ.

ಕೊನೆಗೆ ತಾವು ಅಪ್ಪಣೆ ಕೊಡಿಸಿದಿರಿ: ಹಿಂದಿನ ಡಿಸ್ಕಿಗೆ ಯಾವ ಕಾರಣಕ್ಕೂ ಎಣ್ಣೆ ತಾಗಿಸಬೇಡಿ, ಬಿಸಿಯಾಗಿದ್ದಾಗ ಮುಟ್ಟಬೇಡಿ, ತಾನಾಗಿ ತಣಿಯಲಿ, ಹೊಳಪು ಬಂದಿದ್ದರೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಸವೆದದ್ದಕ್ಕೆ ಬೇಕಾದ ಭಾಗವನ್ನು ಪಾರ್ಸೆಲ್ಲಿನಲ್ಲಿ ಕಳಿಸುತ್ತೇವೆ. ನಾನು ದಿನಾ ಸಂಜೆ ಅವರ ಬೆನ್ನಿಗೆ ಬಿಸಿ ಎಣ್ಣೆ ತಿಕ್ಕುವವಳು. ಅಂದೇ ನಿಲ್ಲಿಸಿದೆ. "ಇಷ್ಟು ವರ್ಷ ತಿಕ್ಕಿ ತಿಕ್ಕಿ ನಾನೇ ಹಾಳು ಮಾಡಿದೆನಂತೆ ಕಣ್ರೀ" ಎಂದೆ. ಅವರು ಎಣ್ಣೆಯಿಲ್ಲದೆ ವಾರವೆಲ್ಲ ನರಳಿದರು. ಬಡಗಿಗಳು ಮರ ಉಜ್ಜುವ ಉಪ್ಪುಕಾಗದವನ್ನೂ ತಂದೆ. ಅದನ್ನು ನೋಡಿದವರೇ ಮೂರು ವರ್ಷದಲ್ಲಿ ಮೊದಲ ಸಲ ಯಾರ ಸಹಾಯವೂ ಇಲ್ಲದೆ ಎದ್ದು ಕುಳಿತರು. ಚಿಕಿತ್ಸೆಯಲ್ಲಿ ಇಷ್ಟರಮಟ್ಟಿಗೆ ಗುಣ ಕಂಡಿತೆಂದು ಒಪ್ಪಿಕೊಳ್ಳಲೇಬೇಕು.

ವಾರ ಕಳೆದು ತಮ್ಮ ಪಾರ್ಸೆಲ್ ಬಂತು. ಒಳಗೆ ಕೋಟಿನ ಗುಂಡಿಯಷ್ಟಗಲದ ಎರಡು ಬಿಲ್ಲೆಗಳು. ಬೆನ್ನಿಗೆ ಅಂಟಿಸುವ ಔಷಧದ ಪಟ್ಟಿಯಿರಬೇಕೆಂದು ಒಂದನ್ನು ಅವರ ಸೊಂಟದ ಮೇಲಿಟ್ಟು ನೋಡಿದೆ, ಅಂಟಲಿಲ್ಲ. ಅನುಮಾನ ಬಂದು ಸೈಕಲ್ಲನ್ನು ತಳ್ಳಿಕೊಂಡು ರಿಪೇರಿಯವನ ಅಂಗಡಿಗೆ ಹೋದೆ. ಅವನೊಬ್ಬ ಮಹಾ ಬಡಾಯಿಗಾರ, ಪಂಕ್ಚರ್ ಹಾಕುವುದನ್ನೂ ಆಪರೇಷನ್ ಎನ್ನುವವನು. ಬಿಲ್ಲೆ ನೋಡಿ ನಗಲು ಶುರುಮಾಡಿದ. "ಅಮ್ಮಾ, ಇದು ಡಿಸ್ಕ್ ಬ್ರೇಕಿಂದು. ನಿಮ್ಮ ಗಾಡೀಲಿ ಡಿಸ್ಕೇ ಇಲ್ವಲ್ಲ?" ಎಂದ. "ಗಾಡೀಲಿಲ್ಲ, ಮಂಚದ ಮೇಲಿದೆ" ಎಂದೆ. ಹಾಗೆಂದ ಮೇಲೆ ನನ್ನ ಕಿವಿಗೆ ನನ್ನ ಮಾತೇ ಕೇಳಿಸಿತು. ಅವನು ನಕ್ಕು ನಕ್ಕು ಸ್ಟೂಲಿನಿಂದ ಕೆಳಗೆ ಬಿದ್ದ. ಬಿದ್ದದ್ದು ನನಗೆ ತೃಪ್ತಿ ಕೊಟ್ಟಿತು.

ಆಮೇಲೆ ಕಣ್ಣೊರೆಸಿಕೊಂಡು ತೋರಿಸಿದ. ನನ್ನ ಸೈಕಲ್ಲಿನಲ್ಲಿ ಡಿಸ್ಕ್ ಕೂರಿಸುವ ಜಾಗ, ತೂತುಗಳ ಸಮೇತ, ಮೊದಲಿಂದಲೂ ಇತ್ತಂತೆ; ತಮ್ಮವರು ಜಾಗ ಬಿಟ್ಟು ಬ್ರೇಕನ್ನೂ ಬಿಟ್ಟಿದ್ದರು. ಬಾಗಿಲಿಗೆ ಚಿಲಕದ ತೂತು ಕೊರೆದು, ಚಿಲಕ ಮಾತ್ರ ಕಳ್ಳ ಬಂದ ಮೇಲೆ ಕೊಳ್ಳಲಿ ಎಂದು ಬಿಡುವ ಬಡಗಿಯನ್ನು ನಾನಿನ್ನೂ ನೋಡಿಲ್ಲ. ಡಿಸ್ಕಿನಲ್ಲೂ ಎರಡು ಬಗೆ: ಒಂದು ತಂತಿ ಎಳೆಯುವುದು, ಇನ್ನೊಂದು ಸಣ್ಣ ಕೊಳವೆಯೊಳಗೆ ಎಣ್ಣೆ ತುಂಬಿ ಅದರ ಒತ್ತಡದಿಂದ ಹಿಡಿಯುವುದು, ಹೈಡ್ರಾಲಿಕ್ ಅಂತೆ. ಮೇಲೆ ಎಣ್ಣೆ ತಾಗಬಾರದು, ಒಳಗೆ ಎಣ್ಣೆಯಿಲ್ಲದೆ ನಡೆಯದು! ಅಂಗಡಿಯಲ್ಲಿ ಎರಡೂ ಬಗೆಯ ಗಾಡಿ ನಿಂತಿದ್ದವು. ತಂತಿಯದನ್ನು ಒತ್ತಿ ನೋಡಿದೆ. ಅರ್ಧಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿ ಒತ್ತಿದೆ. ಬರಲಿಲ್ಲ.

ಮಾನ್ಯರೇ, ಸೊಟ್ಟ ಅಕ್ಷರದ ಇನ್ನೊಂದು ಕಾರಣ ಇಲ್ಲಿದೆ. ಒಂದು ವರ್ಷದಿಂದ ನನ್ನ ಬೆರಳ ಗಿಣ್ಣುಗಳು ಊದಿಕೊಂಡಿವೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಬರುವುದಿಲ್ಲ. ಮೊಟ್ಟೆ ಹಿಡಿಯಲು ಮುಷ್ಟಿ ಬೇಕಿಲ್ಲವಾದ್ದರಿಂದ ಯಾರಿಗೂ ತಿಳಿಯಲಿಲ್ಲ, ನಾನೂ ಹೇಳಲಿಲ್ಲ. ಸೊಸೆಗೆ ತಿಳಿದರೆ ಆಯಿತು, ಆಮೇಲೆ ಎಂಥ ಬ್ರೇಕ್ ಹಾಕಿಸಿದರೂ ಕೀಲಿ ಬರುವುದಿಲ್ಲ. ಅಂದು ಬೇಕರಿಗೆ ನುಗ್ಗಿದ್ದರಲ್ಲಿ ತಮ್ಮ ರಬ್ಬರಿನ ಪಾಲೆಷ್ಟು, ನನ್ನ ಬೆರಳಿನ ಪಾಲೆಷ್ಟು ಎಂದು ಆ ಅಂಗಡಿಯಲ್ಲಿ ನಿಂತು ಲೆಕ್ಕ ಹಾಕಲು ನನಗೆ ಧೈರ್ಯವಾಗಲಿಲ್ಲ. ಆಮೇಲೆ ಎಣ್ಣೆಯ ಬ್ರೇಕಿನ ಹಿಡಿಯ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಎಳೆದೆ. ಬೆಣ್ಣೆಯಂತೆ ಬಂತು. ಚಕ್ರ ಕಂಬ ಹುಗಿದಂತೆ ನಿಂತುಬಿಟ್ಟಿತು. ರಿಪೇರಿಯವನು ಏನೋ ಬಡಾಯಿ ಕೊಚ್ಚುತ್ತಲೇ ಇದ್ದ. ನಾನು ಅದನ್ನೇ ಮತ್ತೆ ಮತ್ತೆ ಎಳೆಯುತ್ತಾ ನಿಂತೆ.

ಮನೆಗೆ ಬಂದು ಡಿಸ್ಕ್ ಹಾಕಿಸುತ್ತೇನೆ ಎಂದದ್ದೇ ತಡ, ಯಜಮಾನರು, "ಡಿಸ್ಕ್ ಅನ್ನೋ ಹೆಸರನ್ನೇ ಎತ್ತಬೇಡ! ಒಂದು ಡಿಸ್ಕಿಂದ ನಾನು ಮಲಗಿದ್ದು ಸಾಲದಾ, ನೀನೂ ಒಂದು ತಂದು ಪಕ್ಕದಲ್ಲಿ ಮಲಗ್ತೀಯಾ?" ಎಂದು ಕೂಗಾಡಿದರು. ನಾನೂ ಕೂಗಾಡಿದೆ. ಕೂಗಿ ಮುಗಿದ ಮೇಲೆ, ಅಪ್ಪಣೆ ಹೇಗೂ ಸುಳ್ಳಾಯಿತಲ್ಲ ಎಂದು ಎಣ್ಣೆ ಬಿಸಿ ಮಾಡಿ ತಂದು ಬೆನ್ನಿಗೆ ಹಚ್ಚತೊಡಗಿದೆ. ಅವರು ಗೋಡೆ ಕಡೆ ಮುಖ ಮಾಡಿಕೊಂಡರು. ಆಮೇಲೆ, "ಒಂದು ವರ್ಷದಿಂದ ನೀನು ತಿಕ್ತಾ ಇಲ್ಲ ಕಣೇ, ಸವರ್ತಾ ಇದ್ದೀಯ. ನನಗೆ ಗೊತ್ತಾಗಲ್ವಾ?" ಎಂದರು. ನಾನು ಕೈ ತೆಗೆದೆ. "ಹಾಕಿಸು ಹೋಗು. ನನ್ನ ಡಿಸ್ಕ್ ನನ್ನ ಬೆನ್ನಲ್ಲಿರಲಿ, ನಿನ್ನದು ಚಕ್ರದಲ್ಲಿರಲಿ" ಎಂದರು. ಅಂದು ಎಣ್ಣೆಯನ್ನು ಎರಡು ಸಲ ಹಚ್ಚಿದೆ.

ರಿಪೇರಿಯವನು ಎಣ್ಣೆಯ ಬ್ರೇಕನ್ನು ಕೂರಿಸಿಕೊಟ್ಟ. ಪರೀಕ್ಷೆಯ ದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬಚಾವಾದೆ ಎಂದುಕೊಂಡೆ. ಸೊಸೆ ಬೇಕರಿಯವನಿಂದ ಬಕೆಟುಗಳನ್ನು ತರಿಸಿ ಇಳಿಜಾರಿನ ಕೊನೆಗೆಲ್ಲ ನೀರು ಸುರಿಸಿದಳು. ಬೇಕರಿಯವನು ಶಟರ್ ಎಳೆದು, ಮೈದಾ ಮೂಟೆಗಳನ್ನು ಎದೆಗವಚಿಕೊಂಡ ಮಕ್ಕಳಂತೆ ಒಳಗೆ ಸಾಗಿಸಿ, ಎದುರು ಜಗಲಿ ಹತ್ತಿ ನಿಂತ. ಸೊಸೆ ಮೇಲೆ ಬಂದು ಕೀಲಿ ಹಾಕಿಕೊಟ್ಟು, ಕೆಳಗೆ ಹೋಗಿ ಬಾಗಿಲಿಗೆ ಅಡ್ಡವಾಗಿ ರಸ್ತೆಯ ನಡುವೆ ತಾನೇ ನಿಂತಳು. "ಆಚೆ ಸರಿ ಕಣೇ!" ಎಂದು ಕೂಗಿದೆ. "ನಿಲ್ಲಿಸಿ ಅತ್ತೆ, ಸರೀತೀನಿ!" ಎಂದು ಕೂಗಿದಳು.

ಟ್ರೇ ತುಂಬಾ ಮೊಟ್ಟೆ ಕಟ್ಟಿಕೊಂಡು ಇಳಿದೆ. ನೀರಿನ ಜಾಗಕ್ಕೆ ಬಂದಾಗ ಎರಡು ಬೆರಳಿಂದ ಎಳೆದೆ. ಬ್ರೇಕ್ ಹಿಡಿಯಿತು, ಮೋಟರ್ ಬಾಯಿ ಮುಚ್ಚಿತು, ಸೈಕಲ್ಲು ಜಾರದೆ, ಜಗ್ಗದೆ, ಅವಳ ಸೀರೆಯ ನೆರಿಗೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಹಿಂದೆ ಒಂದು ಮೊಟ್ಟೆಯೂ ಅಲುಗಲಿಲ್ಲ. ನಾನು ಅವಳ ಮುಖ ನೋಡಲಿಲ್ಲ, ಕಾಲು ನೋಡಿದೆ: ಬಲಗಾಲು ಬರೀ ನೆಲವನ್ನು ಒತ್ತಿ ಹಿಡಿದಿತ್ತು, ಅಲ್ಲಿಲ್ಲದ ಬ್ರೇಕನ್ನು ಒತ್ತಿದಂತೆ. ಅವಳು ನನ್ನ ಮುಖ ನೋಡಲಿಲ್ಲ, ಹಿಡಿಯ ಮೇಲಿದ್ದ ನನ್ನ ಬೆರಳು ನೋಡುತ್ತಿದ್ದಳು. ದಿನವಿಡೀ ಕೈ ನೋಡುವುದೇ ಅವಳ ಕೆಲಸ. ಆಯಿತು, ಕೀಲಿ ಹೋಯಿತು ಎಂದುಕೊಂಡೆ. ಅವಳು ಸೈಕಲ್ಲಿನಿಂದ ಕೀಲಿ ಕಿತ್ತುಕೊಂಡು ನೇರ ಕೆಲಸಕ್ಕೆ ಹೊರಟುಹೋದಳು. ಹಿಂದಿನಿಂದ ಬೈದೆ. ಈ ಸಲ ಬೈಗುಳಕ್ಕೂ ಬಲವಿರಲಿಲ್ಲ.

ಸಂಜೆ ಬಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟಳು. ತಮ್ಮ ಹಳೆಯ ಬ್ರೇಕಿನ ರಬ್ಬರ್ ತುಂಡೊಂದನ್ನು ರಿಪೇರಿಯವನಿಂದ ತಂದು, ಅದಕ್ಕೆ ದಾರ ಬಿಗಿದು ಕೀಲಿಯನ್ನು ಕಟ್ಟಿದ್ದಳು. "ಬರೀ ಕೀಲಿ ಸಣ್ಣದಲ್ವಾ ಅತ್ತೆ, ಹಿಡಿದು ತಿರುಗಿಸೋಕೆ ಕಷ್ಟ" ಎಂದಳು, ಅಷ್ಟೇ, ಒಳಗೆ ಹೋದಳು. ತಮ್ಮ ಕಂಪನಿಯ ಆ ರಬ್ಬರ್ ಒದ್ದೆ ಚಕ್ರವನ್ನು ಒಂದು ದಿನವೂ ಹಿಡಿಯಲಿಲ್ಲ ಮಾನ್ಯರೇ, ಆದರೆ ನನ್ನ ಊದಿದ ಬೆರಳುಗಳಿಗೆ ಚೆನ್ನಾಗಿ ಹಿಡಿತ ಸಿಗುತ್ತದೆ. ಇದಕ್ಕಾಗಿ ತಮಗೆ ಹೃತ್ಪೂರ್ವಕ ವಂದನೆಗಳು.

ಇನ್ನು ನನ್ನ ಕೋರಿಕೆಗಳು. ತಾವು ಚಕ್ರ ಕೇಳಿದಿರಿ, ತೂಕ ಕೇಳಿದಿರಿ, ರಸ್ತೆ ಕೇಳಿದಿರಿ, ಯಜಮಾನರ ಎಡಗಾಲನ್ನೂ ದಾಖಲಿಸಿದಿರಿ. 'ನಿಮ್ಮ ಕೈ ಹೇಗಿದೆ?' ಎಂದು ಮಾತ್ರ ಕೇಳಲಿಲ್ಲ. ಬ್ರೇಕ್ ಒತ್ತುವುದು ರಸ್ತೆಯಲ್ಲ, ಕೈ. ಆ ಒಂದು ಪ್ರಶ್ನೆಯನ್ನು ಸೇರಿಸಿಕೊಳ್ಳಬೇಕೆಂದೂ, ಅದನ್ನು ಕೇಳಿದ ಮೇಲೆ ಸಂಗೀತ ಹಾಕದೆ ಉತ್ತರಕ್ಕೆ ಕಾಯಬೇಕೆಂದೂ, ತಾವೊಮ್ಮೆ ಸ್ವಂತ ಖರ್ಚಿನಲ್ಲಿ ಕೈಬೆರಳುಗಳನ್ನು ಮಾಡಿಸಿಕೊಂಡು ಬಂದು ನನ್ನ ಹಿಂದಿನ ಟ್ರೇಯಲ್ಲಿ ಮೊಟ್ಟೆಗಳ ನಡುವೆ ಕುಳಿತು ಹಳೆಯ ರಬ್ಬರ್ ಬ್ರೇಕಿನಲ್ಲಿ ಈ ಇಳಿಜಾರನ್ನು ಇಳಿಯಬೇಕೆಂದೂ, ನಮ್ಮ ಯಜಮಾನರ ಬಾಯಿಗೆ ಹೊಂದುವ ಬ್ರೇಕೊಂದನ್ನು, ರಿಮ್ಮೇ ಆದರೂ ಸರಿ, ಕಳಿಸಿಕೊಡಬೇಕೆಂದೂ ವಿನಯದಿಂದ ಬೇಡಿಕೊಳ್ಳುತ್ತೇನೆ.

ಎರಡು ಬೆರಳಿನಷ್ಟು ಮಾತ್ರ ತಮ್ಮ ವಿಶ್ವಾಸಿ,
ಮೊಟ್ಟೆಯಮ್ಮ

ತಾ.ಕ.: ನಿನ್ನೆ ತಮ್ಮಿಂದ ಬಂದ ಸಂದೇಶ ತಲುಪಿತು. 'ನಿಮ್ಮ ಹಿಂದಿನ ಡಿಸ್ಕಿಗೆ ಮೂರು ವರ್ಷ ತುಂಬಿದೆ, ಹಳೆಯದನ್ನು ಮರಳಿಸಿ ಹೊಸದನ್ನು ಪಡೆಯಿರಿ' ಎಂದಿದ್ದೀರಿ. ಮಂಚದ ಸಮೇತ ಸಿದ್ಧಮಾಡಿಟ್ಟಿದ್ದೇನೆ, ಎತ್ತಲು ಇಬ್ಬರನ್ನು ಕಳಿಸಿ. ಮೊದಲ ದಿನವೇ ತಮಗೆ ಸಲಹೆ ಕೊಡಲು ಶುರುಮಾಡುತ್ತಾರೆ, ಆಗ ಸಂಗೀತ ಹಾಕಿ ನೋಡಿ, ಅದಕ್ಕೂ ಒಂದು ಸಲಹೆ ಇರುತ್ತದೆ. ಸಂಜೆ ಎಣ್ಣೆ ಹಚ್ಚುವ ಹೊತ್ತಿಗೆ ಮಾತ್ರ ತಪ್ಪದೆ ವಾಪಸ್ ಬಿಟ್ಟುಹೋಗಬೇಕು. ಬದಲಿಗೆ ಹೊಸದು ಬೇಡ.